ಗೋಡೆಯೊಳಗಿನ ಮೆಟ್ಟಿಲು

"ನಡುವೆ ಕಾಲಿಡ್ಬೇಡಿ..."

ಅವಳು ಹೇಳಿ ಮುಗಿಸುವಷ್ಟರಲ್ಲಿ ಅವನು ಕಾಲಿಟ್ಟಾಗಿತ್ತು.

ಏಳನೆಯ ಮೆಟ್ಟಿಲು ಲಟಕ್ಕನೆ ಮುರಿಯಿತು. ಅವನ ಕೈಯಲ್ಲಿದ್ದ ಕಾಗದದ ಸುರುಳಿ ಜಾರಿ ಕೆಳಗಿನ ಅಂಗಳಕ್ಕೆ ಬಿತ್ತು. ಅವನೂ ಅದರ ಹಿಂದೆಯೇ ಹೋಗಬೇಕಿತ್ತು. ಅಷ್ಟರಲ್ಲಿ ಮೇಲಿನ ಮೆಟ್ಟಿಲಿನಲ್ಲಿದ್ದ ಅವಳು ಬಗ್ಗಿ ಅವನ ಶರ್ಟಿನ ಕಾಲರನ್ನು ಗಟ್ಟಿಯಾಗಿ ಹಿಡಿದಿದ್ದಳು.

ಒಂದು ಗಳಿಗೆ ಇಬ್ಬರೂ ಹಾಗೇ ನಿಂತರು. ಒಂದು ಗೇಣು ದೂರದಲ್ಲಿ ಅವನ ಮುಖ... ಹೆದರಿ ಅರಳಿದ ಕಣ್ಣು... ಅವಳ ಎದೆ ಧಸಕ್ಕೆಂದಿತು. ಬಿದ್ದಿದ್ದರೆ ಏನು ಗತಿ ಎಂಬ ಭಯಕ್ಕೋ, ಇನ್ನೇತಕ್ಕೋ, ಆಗ ಅವಳಿಗೆ ತಿಳಿಯಲಿಲ್ಲ.

ಕಾಲರು ಬಿಟ್ಟ ಮೇಲೆ ಅವಳು ಮೊದಲು ನೋಡಿದ್ದು ಅವನನ್ನಲ್ಲ, ಮುರಿದ ಹಲಗೆಯನ್ನು. ಬಡಗಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ!

"ಏಳನೇದಕ್ಕೆ ಗೋಡೆ ಕಡೆ ಕಾಲಿಡ್ಬೇಕು. ನಮ್ಮಲ್ಲಿ ಮೂರು ವರ್ಷದ ಮಗೂಗೂ ಗೊತ್ತು. ಈ ಮೆಟ್ಟಿಲು ಹತ್ತಿದ್ದು ಇದೇ ಮೊದಲಾ?"

"ಹೌದು."

"ಹುಟ್ಟಿದಾಗಿಂದ ಇದೇ ಚರ್ಚಿಗೆ ಬರ್ತೀರಲ್ವಾ?"

ಅವನು ಹರಿದ ಕಾಲರನ್ನು ಸವರಿಕೊಳ್ಳುತ್ತ ತಲೆ ತಗ್ಗಿಸಿದ.

ಆ ಚರ್ಚಿನ ಕಥೆ ಹೀಗಿತ್ತು. ಕೆಳಗೆ ಸಾಲು ಬೆಂಚುಗಳು, ಮೇಲೆ ಮೂರು ಕಡೆಗೂ ಮರದ ಗ್ಯಾಲರಿ. ಕೆಳಗೆ ಬಿಳಿಯರು ಕೂರುತ್ತಿದ್ದರು, ಮೇಲೆ ಕಪ್ಪು ಜನ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಈಗ ಯಾರು ಅದನ್ನೆಲ್ಲ ನೋಡುತ್ತಾರೆ, ಅಭ್ಯಾಸ ಅಷ್ಟೇ, ಎಂದು ಕೆಳಗಿನವರು ನಗುನಗುತ್ತ ಹೇಳುತ್ತಿದ್ದರು. ಆದರೆ ಗ್ಯಾಲರಿಗೆ ಒಳಗಿನಿಂದ ದಾರಿ ಇರಲಿಲ್ಲ. ಹೊರಗಿನ ಗೋಡೆಗೆ ಆತುಕೊಂಡ ಇಪ್ಪತ್ತಮೂರು ಮರದ ಮೆಟ್ಟಿಲು, ಅಷ್ಟೇ. ಪ್ರಭುವಿನ ಭೋಜನದ ದಿನ ಕೆಳಗಿನವರು ಮೊದಲು ಎದ್ದು ಹೋಗಿ ರೊಟ್ಟಿ ತೆಗೆದುಕೊಳ್ಳುವರು. ಅವರದ್ದೆಲ್ಲ ಮುಗಿದ ಮೇಲೆ ಮೇಲಿನವರು ಹೊರಗಿನಿಂದ ಇಳಿದು, ಅಂಗಳ ಸುತ್ತಿ, ಪಕ್ಕದ ಬಾಗಿಲಿನಿಂದ ಒಳಗೆ ಬರಬೇಕು. ಮಳೆ ಬಂದರೆ ನೆನೆದೇ ಬರಬೇಕು.

ಆ ಮೆಟ್ಟಿಲುಗಳ ಮರ ಈಗ ಲಡ್ಡು ಹಿಡಿದು ಟೊಳ್ಳಾಗಿತ್ತು. ಹೊಸದು ಕಟ್ಟಿಸಲು ಸಭೆಯ ಹಿರಿಯರು ಒಪ್ಪಿದ್ದರು. ನಕ್ಷೆ ಬರೆಯುವ ಕೆಲಸ ದೊಡ್ಡ ಹಿರಿಯರ ಮಗನಾದ ಅವನಿಗೆ ಬಿತ್ತು. ಮರಗೆಲಸ ಗ್ಯಾಲರಿಯ ಮೂಲೆಯಲ್ಲಿ ಕೂರುವ, ಅಪ್ಪನ ಉಳಿ ಗರಗಸಗಳನ್ನೇ ಆಸ್ತಿಯಾಗಿ ಪಡೆದ ಅವಳಿಗೆ ಬಿತ್ತು.

* * *

ಮೊದಲ ದಿನವೇ ಅವಳು ಅವನಿಗೆ 'ನಕ್ಷೆ ಸಾಹೇಬರು' ಎಂದು ಹೆಸರಿಟ್ಟಳು. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅವನು ಅಳತೆ ಹೇಳಿದರೆ ಇವಳು ಇನ್ನೊಮ್ಮೆ ನೋಡಿ ಅರ್ಧ ಅಂಗುಲ ಕಡಿಮೆ ಮಾಡುವಳು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಊರೆಲ್ಲ ಹುಡುಕುವ ಅವನ ಕಾಲೆಳೆಯುವುದು ಅವಳಿಗೆ ದಿನದ ಕೆಲಸವಾಯಿತು.

ವಾರದ ಮಧ್ಯಾಹ್ನಗಳಲ್ಲಿ ಚರ್ಚು ಬೇರೆಯೇ ಲೋಕ. ಬಣ್ಣದ ಗಾಜಿನಿಂದ ಬಿಸಿಲು ಇಳಿದು ಬೆಂಚುಗಳ ಮೇಲೆ ನೀಲಿ, ಹಳದಿ ಹರಡಿಕೊಳ್ಳುತ್ತಿತ್ತು. ಮರದ ಪುಡಿ ಆ ಬೆಳಕಿನಲ್ಲಿ ನಿಧಾನವಾಗಿ ಏಳುತ್ತ ಬೀಳುತ್ತ ತೇಲುತ್ತಿತ್ತು. ಅವನು ನಡೆದಾಗ ಅವನ ಬಿಳಿ ಮುಖ ನೀಲಿಯಾಗುತ್ತಿತ್ತು. ಅವಳು ಕೈ ಚಾಚಿದರೆ ಅವಳ ಕಪ್ಪು ಮುಂಗೈಯೂ ಅದೇ ನೀಲಿ. ಅವಳು ಎಷ್ಟೋ ಹೊತ್ತು ತನ್ನ ಕೈಯನ್ನೇ ನೋಡುತ್ತ ನಿಂತುಬಿಡುತ್ತಿದ್ದಳು.

ಫ್ಲಾಸ್ಕಿನ ಚಹಾ ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಅವನು ಚಿಕ್ಕಂದಿನಲ್ಲಿ ಅಮ್ಮನನ್ನು ಕಳೆದುಕೊಂಡ ಕಥೆ ಹೇಳಿದ. ಅವಳು ತನ್ನ ಅಮ್ಮನ ಮಂಡಿನೋವಿನ ಕಥೆ ಹೇಳಿದಳು. ಅವಳಮ್ಮ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಕೆಳಗಿನ ಬೆಂಚಿನಲ್ಲಿ ಕೂರುವ ಅರ್ಧಕ್ಕರ್ಧ ಜನ ಭೂಮಿಗೆ ಬಿದ್ದದ್ದೇ ಅವರ ಕೈಗೆ.

"ಹಾಗಾದ್ರೆ ನಾನೂ?" ಎಂದು ಅವನು ಕೇಳಿದ.

ಅವಳು ಕೇಳಿ ಬಂದು ಹೇಳಿದಳು. ಹೌದಂತೆ. ನೀಲಿಗಟ್ಟಿಕೊಂಡು ಹುಟ್ಟಿದ್ದನಂತೆ, ಬೆನ್ನಿಗೆ ನಾಲ್ಕು ಏಟು ಬಿದ್ದ ಮೇಲೇ ಅತ್ತನಂತೆ.

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಅವಳನ್ನೇ ನೋಡಿದ. ಅವಳು ಸುಮ್ಮನೆ ಉಳಿಯನ್ನು ಕೈಗೆತ್ತಿಕೊಂಡಳು.

*ಬೇಡ ಕಣೇ... ಆಸೆ ಇಟ್ಕೋಬೇಡ. ಭಾನುವಾರ ಬಂದ್ರೆ ಅವರು ಕೆಳಗೆ, ನೀನು ಮೇಲೆ.*

ಹೀಗೆ ಎಷ್ಟು ಸಲ ಹೇಳಿಕೊಂಡಳೋ. ಮನಸ್ಸು ಯಾರ ಮಾತನ್ನು ಕೇಳಿದೆ?

* * *

ಮೂರನೆಯ ವಾರ ಗ್ಯಾಲರಿಯ ತೊಲೆ ಗಟ್ಟಿಯಿದೆಯೇ ನೋಡಬೇಕಾಗಿ ಬಂತು. ಒಳಗಿನ ಗೋಡೆಗೆ ಆತು ನಿಂತಿದ್ದ ಹಾಡಿನ ಪುಸ್ತಕಗಳ ದೊಡ್ಡ ಬೀರುವನ್ನು ಇಬ್ಬರೂ ಸೇರಿ ತಳ್ಳಿದರು. ಅವಳು ಗೋಡೆಯನ್ನು ಬೆರಳಿನಿಂದ ತಟ್ಟಿದಳು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಟೊಳ್ಳು. ಉಳಿಯಿಂದ ಸ್ವಲ್ಪ ಗಾರೆ ಎಬ್ಬಿಸಿದಳು.

ಒಳಗೆ ಕೊಯ್ದ ಮರದ ತುದಿ ಕಾಣಿಸಿತು.

ಅದರ ಮೇಲೊಂದು, ಇನ್ನೂ ಮೇಲೊಂದು... ಒಂದಕ್ಕಿಂತ ಒಂದು ಎತ್ತರದಲ್ಲಿ, ಓರೆಯಾಗಿ ಗ್ಯಾಲರಿಯತ್ತ ಹೋಗುವ ಸಾಲು. ಪ್ರತಿಯೊಂದೂ ಒಂದು ಮೆಟ್ಟಿಲಿನ ಬುಡ.

"ಒಳಗೇ ಮೆಟ್ಟಿಲಿತ್ತು..." ಅವನ ದನಿ ಪಿಸುಗುಟ್ಟಿದಂತಿತ್ತು. "ಅಪ್ಪ ಹೇಳ್ತಾರೆ, ಮೇಲಿನವರೇ ಬೇರೆ ದಾರಿ ಬೇಕು ಅಂತ ಕೇಳಿದ್ರು, ಅವರೇ ಹೊರಗೆ ಕಟ್ಟಿಕೊಂಡ್ರು ಅಂತ."

ಅವಳು ಮರದ ತುದಿಯನ್ನು ಬೆರಳಿನಿಂದ ಸವರಿದಳು. ಗರಗಸ ಹೊರಬರುವ ಕಡೆಯಲ್ಲಿ ಮರದ ನಾರು ಸೀಳುತ್ತದೆ. ಇಲ್ಲಿ ನಾರು ಸೀಳಿದ್ದು ಮೇಲಿನ ಅಂಚಿನಲ್ಲಿ.

"ಕೆಳಗೆ ನಿಂತವರು ಕೊಯ್ದಿದ್ದಾರೆ," ಎಂದಳು. "ಎಲ್ಲವನ್ನೂ ಕೆಳಗಿಂದಲೇ ಕೊಯ್ದಿದ್ದಾರೆ."

ಅವನು ಕೈ ಚಾಚಿ ಆ ಗಾಯವನ್ನು ಮುಟ್ಟಿದ. ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

ಅವಳ ಕಣ್ಣಿಗೆ ಆ ಗೋಡೆಯ ಮೇಲೆ ಇಲ್ಲದ ಮೆಟ್ಟಿಲು ಕಾಣಿಸತೊಡಗಿತು. ಅದರ ಮೇಲೆ ಅವಳೆಂದೂ ನೋಡದ ಅಜ್ಜಿಯರು ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟ ಮಕ್ಕಳಂತೆ ಸಡಗರದಿಂದ ಇಳಿದು ಬರುತ್ತಿದ್ದರು. ಅಂಗಳವಿಲ್ಲ, ಮಳೆಯಿಲ್ಲ. ಕೆಳಗಿನವರ ಭುಜಕ್ಕೆ ಭುಜ ತಾಗಿಸಿಕೊಂಡು ಎಲ್ಲರೂ ಒಂದೇ ಮೇಜಿನ ಕಡೆ ಹೋಗುತ್ತಿದ್ದರು. ಅವಳಿಗೆ ಅವರ ಹೆಜ್ಜೆಯ ಸದ್ದೂ ಕೇಳಿದಂತಾಯಿತು.

"ನಕ್ಷೆಯಲ್ಲಿ ಇದನ್ನ ಬರೀತೀನಿ," ಎಂದ ಅವನು. "ಹೊರಗಿನದು ಬೇಡ, ಇದನ್ನೇ ಮತ್ತೆ ಕಟ್ಟೋಣ ಅಂತ ಹಿರಿಯರಿಗೆ ಹೇಳ್ತೀನಿ. ಮಾತು ಕೊಡ್ತೀನಿ."

ಅವಳು ತಲೆಯಾಡಿಸಿದಳು.

* * *

ಅಂದು ಸಂಜೆ ಊಟದ ಮೇಜಿನಲ್ಲಿ ಅವನು ಅಪ್ಪನಿಗೆ ಎಲ್ಲವನ್ನೂ ಹೇಳಿದ. ದೊಡ್ಡ ಹಿರಿಯರು ಕೆಟ್ಟವರಲ್ಲ. ಹೆಂಡತಿ ಹೋದ ಮೇಲೆ ಮಗನನ್ನು ತಾವೇ ತಲೆ ಬಾಚಿ ಶಾಲೆಗೆ ಕಳಿಸಿದವರು. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆ ಕಾಲದಲ್ಲಿ ಸಭೆ ನಡೆಸುತ್ತಿದ್ದವರು ಅವನ ಮುತ್ತಜ್ಜ ಎಂದರು. ಸತ್ತವರ ಮುಖಕ್ಕೆ ಮಸಿ ಬಳಿಯಬೇಡ ಎಂದರು. ಹೊಸ ಮೆಟ್ಟಿಲು ಹೇಗೂ ಆಗುತ್ತದೆ, ಗಟ್ಟಿಯಾಗಿ, ಹಿಡಿಕಂಬಿ ಹಾಕಿಸಿಯೇ ಕಟ್ಟಿಸೋಣ, ಅವರಿಗೂ ಸಂತೋಷವಾಗುತ್ತದೆ ಎಂದರು. ಕೊನೆಗೆ ಅವರ ದನಿ ನಡುಗಿತು. ನನ್ನ ಕಾಲ ಮುಗಿಯುವವರೆಗೆ ತಡೆ, ಎಂದರು.

ಅಪ್ಪನ ನಡುಗುವ ದನಿಯ ಮುಂದೆ ಅವನು ಸೋತ.

ಎರಡು ದಿನದ ಮೇಲೆ ನಕ್ಷೆ ಹಿಡಿದು ಅವಳ ಕೆಲಸದ ಶೆಡ್ಡಿಗೆ ಬಂದ. ಅವಳು ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಹಬ್ಬದ ಉಡುಗೊರೆ ಬಿಚ್ಚುವವಳಂತೆ ಸುರುಳಿ ಬಿಚ್ಚಿದಳು. ಹೊರಗಿನ ಮೆಟ್ಟಿಲು ಚೆಂದವಾಗಿ ಬಂದಿತ್ತು. ಇಪ್ಪತ್ತಮೂರು ಮೆಟ್ಟಿಲು, ಎರಡೂ ಕಡೆ ಹಿಡಿಕಂಬಿ. ಒಳಗಿನ ಗೋಡೆಯ ಜಾಗದಲ್ಲಿ ಎರಡು ನೇರ ಗೆರೆ ಮಾತ್ರ ಇದ್ದವು.

ಬೀರುವೂ ಸರಿಯಾಗಿ ಅದರ ಜಾಗದಲ್ಲೇ ಇತ್ತು.

"ನನಗೆ ಇಲ್ಲಿ ಗೋಡೆ ಕಾಣಿಸ್ತಿದೆ," ಎಂದಳು. "ನಿಮಗೂ ಅಷ್ಟೇ ಕಾಣಿಸಿದ್ದಾ?"

ಅವನು ತಡವರಿಸಿದ. ಸದ್ಯಕ್ಕೆ ಇಷ್ಟು ಆಗಲಿ, ಮುಂದೆ ನಿಧಾನವಾಗಿ ಎಲ್ಲರಿಗೂ ಹೇಳೋಣ, ಅಪ್ಪನಿಗೆ ವಯಸ್ಸಾಗಿದೆ, ಎಂದೆಲ್ಲ ಏನೇನೋ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಅವನಿಗೇ ಕೇಳದಷ್ಟು ಸಣ್ಣದಾಯಿತು.

"ನಮ್ಮಮ್ಮನಿಗೂ ವಯಸ್ಸಾಗಿದೆ," ಎಂದಳು ಅವಳು. ಸುರುಳಿ ಸುತ್ತಿ ಅವನ ಕೈಗಿಟ್ಟಳು. "ಇದನ್ನ ನಾನು ಕಟ್ಟಲ್ಲ. ಬೇರೆಯವರಿಂದ ಕಟ್ಟಿಸ್ಕೊಳ್ಳಿ."

ಅವನು ಹೋದ ಮೇಲೆ ಅವಳು ಹಲಗೆಯ ರಾಶಿಯ ಮೇಲೆ ಕುಸಿದು ಕುಳಿತಳು. ಕೋಪಕ್ಕಿಂತ ಅವಮಾನ ಹೆಚ್ಚಾಗಿತ್ತು. ಅವನು ನನ್ನನ್ನು ಇಷ್ಟಪಟ್ಟನೋ, ನನ್ನ ಮೇಲೆ ಕನಿಕರಪಟ್ಟನೋ? ಒಳ್ಳೆಯ ಕೆಲಸ ಮಾಡಿದೆ ಎಂಬ ಸುಖಕ್ಕೆ ನಾಲ್ಕು ದಿನ ನನ್ನ ಜೊತೆ ಚಹಾ ಕುಡಿದನೋ? ಆ ಬೆರಳು ತಾಗಿದ್ದೂ ಸುಳ್ಳೇ?

ಮನೆಗೆ ಬಂದು ಅಮ್ಮನಿಗೆ ಹೇಳಿದಳು, ನಾನು ಇನ್ನು ಆ ಚರ್ಚಿಗೆ ಬರುವುದಿಲ್ಲ, ಅವರ ದೇವರು ಅವರಿಗೇ ಇರಲಿ, ಎಂದು.

ಅಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಅವರ ದೇವರು ಅಂತ ಯಾವಾಗ ಬರೆದುಕೊಟ್ಟೆ ನೀನು? ಶಿಲುಬೆ ಹೊತ್ತು ಬಿದ್ದವನು ಅವನು. ಬಿದ್ದವನಿಗೆ ಮೆಟ್ಟಿಲು ಹತ್ತೋರ ಕಷ್ಟ ಗೊತ್ತು. ನಾನು ಹತ್ತೋದು ಅವನ ಹತ್ತಿರಕ್ಕೆ. ಕೈ ಹಿಡ್ಕೊಳ್ಳೋಕೆ ನೀನು ಬಾ, ಸಾಕು."

* * *

ಭಾನುವಾರ ಅವಳು ಬಂದಳು, ಅಮ್ಮನ ಕೈ ಹಿಡಿಯಲು ಮಾತ್ರ.

ಏಳನೆಯ ಮೆಟ್ಟಿಲಿನ ಜಾಗದಲ್ಲಿ ಈಗ ಬರೀ ಗಾಳಿ. ಅಮ್ಮ ಆರನೆಯದರ ಮೇಲೆ ನಿಂತು ಉಸಿರು ಎಳೆದುಕೊಂಡರು. ಅವಳು ಎಂಟರಿಂದ ಬಗ್ಗಿ ಎರಡೂ ಕೈ ಕೊಟ್ಟಳು. ಆ ಒಂದು ಹೆಜ್ಜೆಗೆ ಅಮ್ಮನ ಬಾಯಿಂದ ಸಣ್ಣ ನರಳಿಕೆ ಬಂತು. ಅಂಗಳದಲ್ಲಿ ಅವನು ನಿಂತು ನೋಡುತ್ತಿದ್ದ. ಅವಳು ಅವನತ್ತ ತಿರುಗಲಿಲ್ಲ.

ಆರಾಧನೆ ಶುರುವಾಯಿತು. ಹಾಡಾಯಿತು. ಪಾಪಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆಯನ್ನು ಮೇಲಿನವರೂ ಕೆಳಗಿನವರೂ ಎಂದಿನಂತೆ ಒಟ್ಟಿಗೆ ಓದಿದರು. ಅದಾದ ಮೇಲೆ ಪಾಸ್ಟರ್ ಒಂದು ನಿಮಿಷ ಸುಮ್ಮನಿರುವುದು ವಾಡಿಕೆ. ಅವರವರ ತಪ್ಪನ್ನು ಅವರವರು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಳ್ಳಲಿ ಎಂದು. ಆ ನಿಮಿಷದಲ್ಲಿ ಯಾರಾದರೂ ಕೆಮ್ಮುವುದು ಬಿಟ್ಟರೆ ಬೇರೆ ಸದ್ದು ಇರುತ್ತಿರಲಿಲ್ಲ.

ಅವಳು ಕಣ್ಣು ಮುಚ್ಚಿದ್ದಳು. ಬಣ್ಣದ ಬೆಳಕು ರೆಪ್ಪೆಯ ಮೇಲೆ ಬೆಚ್ಚಗೆ ಕೂತಿತ್ತು. ಕೆಳಗೆ ಒಂದು ಬೆಂಚು ಕಿರುಗುಟ್ಟಿತು.

"ನನ್ನದು ಮನಸ್ಸಲ್ಲೇ ಹೇಳಿ ಮುಗಿಸೋ ಪಾಪ ಅಲ್ಲ."

ಅವನ ದನಿ! ಅವಳು ಕಣ್ಣು ಬಿಟ್ಟಳು. ಅವನು ಮುಂದಿನ ಬೆಂಚಿನಲ್ಲಿ, ಅಪ್ಪನ ಪಕ್ಕದಲ್ಲಿ ಎದ್ದು ನಿಂತಿದ್ದ. ಶಿಲುಬೆಯ ಕಡೆ ಮುಖ, ಗ್ಯಾಲರಿಯ ಕಡೆ ಬೆನ್ನು.

"ಆ ಬೀರು ಹಿಂದೆ ಒಂದು ಮೆಟ್ಟಿಲಿತ್ತು. ಕೆಳಗಿನವರು, ಅಂದ್ರೆ ನಮ್ಮವರು, ಅದನ್ನ ಕೊಯ್ದು ಹಾಕಿದ್ರು. ನಾನು ಕಣ್ಣಾರೆ ನೋಡಿದೆ, ಕೈಯಾರೆ ಮುಟ್ಟಿದೆ. ಆಮೇಲೆ ಮನೆಗೆ ಹೋಗಿ ನಕ್ಷೆಯಲ್ಲಿ ಅಲ್ಲಿ ಗೋಡೆ ಬರೆದೆ. ಮುತ್ತಜ್ಜನ ಕಾಲದಲ್ಲಿ ಒಂದು ಸಲ ಕೊಯ್ದರು, ನಾನು ಎರಡನೇ ಸಲ ಕೊಯ್ದೆ."

ಯಾರೂ ಕೆಮ್ಮಲಿಲ್ಲ.

"ನಮ್ಮ ಅಕ್ಕಂದಿರು, ಅಮ್ಮಂದಿರು ಮಳೇಲಿ ಅಂಗಳ ಸುತ್ತಿ ಪ್ರಭುವಿನ ಮೇಜಿಗೆ ಬರ್ತಾರೆ. ನಾನು ಒಣ ಬಟ್ಟೇಲಿ ಮೊದಲು ಹೋಗಿ ರೊಟ್ಟಿ ತಿಂದು ಬಂದಿದ್ದೀನಿ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಅದು ನನ್ನ ಗಂಟಲಲ್ಲಿ ಸಿಕ್ಕಲಿಲ್ಲ. ಇವತ್ತು ಸಿಕ್ಕಿದೆ. ದೇವರೇ, ನನ್ನನ್ನ ಕ್ಷಮಿಸು."

ಅಷ್ಟು ಹೇಳಿ ನಿಂತೇ ಇದ್ದ. ಭುಜ ಅಲುಗುತ್ತಿತ್ತು.

ಅವನು ಒಂದು ಸಲವೂ ಹಿಂದೆ ತಿರುಗಿ ಮೇಲೆ ನೋಡಲಿಲ್ಲ. ಅವಳು ಅದನ್ನೇ ಗಮನಿಸುತ್ತಿದ್ದಳು. *ನನಗೆ ಕೇಳಲಿ ಅಂತ ಹೇಳಿದ್ದಲ್ಲ... ನನ್ನನ್ನು ಒಲಿಸೋಕೂ ಅಲ್ಲ.* ಅವಳ ಎದೆಯಲ್ಲಿ ಮೂರು ದಿನದಿಂದ ಬಿಗಿದಿದ್ದ ಗಂಟು ಸಡಿಲವಾಯಿತು. ಕೆನ್ನೆಯ ಮೇಲೆ ನೀರಿಳಿದದ್ದು ಅವಳಿಗೆ ಆಮೇಲೆ ತಿಳಿಯಿತು.

ಪ್ರಾರ್ಥನೆಯ ನಂತರ ದೇವರ ಕ್ಷಮೆಯನ್ನು ಸಾರಿ ಹೇಳಬೇಕಾದವರು ಪಾಸ್ಟರ್. ಅವರು ಪುಸ್ತಕವನ್ನು ನೋಡಿದರು, ಗ್ಯಾಲರಿಯನ್ನು ನೋಡಿದರು, ಬಾಯಿ ತೆರೆಯಲಾಗದೆ ನಿಂತುಬಿಟ್ಟರು.

ಅವಳ ಪಕ್ಕದಲ್ಲಿ ಅಮ್ಮ ಗ್ಯಾಲರಿಯ ಕಂಬಿ ಹಿಡಿದು ಎದ್ದರು.

"ಮಗಾ, ನಿನ್ನನ್ನ ಮೊದಲು ಎತ್ತಿಕೊಂಡ ಕೈ ಇದು. ಅವತ್ತೂ ನೀನು ಏಟು ಬಿದ್ದ ಮೇಲೇ ಅತ್ತಿದ್ದು."

ಮೇಲೆ ಯಾರೋ ನಕ್ಕರು. ಕೆಳಗೂ ಯಾರೋ ಕಣ್ಣೊರೆಸಿಕೊಳ್ಳುತ್ತ ನಕ್ಕರು.

"ಕ್ಷಮೆ ನಾವು ಎಂದೋ ಕೊಟ್ಟಾಗಿದೆ. ಕೊಡದೆ ಇದ್ದಿದ್ರೆ ಈ ಮೆಟ್ಟಿಲು ಹತ್ತೋಕೆ ಆಗ್ತಿರ್ಲಿಲ್ಲ," ಎಂದರು ಅಮ್ಮ. "ಈಗ ಮೆಟ್ಟಿಲು ಕೊಡಿ."

* * *

ಅಷ್ಟಕ್ಕೇ ಎಲ್ಲರೂ ತಬ್ಬಿಕೊಂಡರು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಮೂರು ಮನೆಯವರು ಮುಂದಿನ ವಾರದಿಂದ ಬೇರೆ ಚರ್ಚಿಗೆ ಹೋದರು. ಸಭೆಯಲ್ಲಿ ಎರಡು ಸಲ ಜಗಳವಾಯಿತು. ಒಳಗಿನ ಮೆಟ್ಟಿಲನ್ನೇ ಕಟ್ಟಬೇಕೆಂದು ತೀರ್ಮಾನವಾದಾಗ ದೊಡ್ಡ ಹಿರಿಯರು ಪರವಾಗಿಯೂ ಕೈ ಎತ್ತಲಿಲ್ಲ, ವಿರುದ್ಧವಾಗಿಯೂ ಎತ್ತಲಿಲ್ಲ.

ಅವನು ನಕ್ಷೆಯನ್ನು ಮತ್ತೆ ಬರೆದು ತಂದ. ಅವಳು ಮಾತಾಡದೆ ನೋಡಿದಳು, ಮಾತಾಡದೆ ಎರಡು ಅಳತೆ ತಿದ್ದಿದಳು, ಮಾತಾಡದೆ ಒಪ್ಪಿಕೊಂಡಳು. ಅವನು ಅದನ್ನೇ ದೊಡ್ಡ ಕೃಪೆ ಎಂದುಕೊಂಡು ಹೋದ. ಪಾಪ, ಹೋಗುವಾಗ ಬಾಗಿಲಿಗೆ ತಲೆ ತಾಗಿಸಿಕೊಂಡ. ಅವಳು ಅವನು ಹೋದ ಮೇಲೆ ಮನಸಾರೆ ನಕ್ಕಳು.

ಗೋಡೆ ಒಡೆಯುವ ದಿನ ಅವಳು ಸುತ್ತಿಗೆ ಎತ್ತುವಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಹಿರಿಯರು ನಿಂತಿದ್ದರು. ಕೈಯಲ್ಲಿ ಮಡಿಸಿದ ಹಳೆಯ ಹೊದಿಕೆಗಳ ರಾಶಿ. ಧೂಳು ಬೆಂಚುಗಳ ಮೇಲೆಲ್ಲ ಕೂರುತ್ತದೆ ಎಂದು ಗೊಣಗಿದರು. ಒಂದೊಂದೇ ಬೆಂಚಿಗೆ ತಾವೇ ಹೊದಿಸುತ್ತ ಬಂದರು. ಬೀರುವಿನ ಹತ್ತಿರ ಬಂದಾಗ ಗಾರೆ ಕಿತ್ತ ಜಾಗದಲ್ಲಿ ಕೊಯ್ದ ಮರವನ್ನು ನೋಡಿದರು. ಮುಟ್ಟಲಿಲ್ಲ. ಆದರೆ ಹೊರಡುವಾಗ ಅವಳನ್ನು ಕೇಳಿದರು:

"ನಿಮ್ಮಮ್ಮನ ಮಂಡಿ ಹೇಗಿದೆಯಮ್ಮ?"

ಇಷ್ಟು ವರ್ಷದಲ್ಲಿ ಅವರು ಅವಳೊಡನೆ ಆಡಿದ ಮೊದಲ ಮಾತು ಅದು. ನೋವಿದೆ, ಆದರೆ ಪರವಾಗಿಲ್ಲ, ಎಂದಳು ಅವಳು. ಅವರು ತಲೆಯಾಡಿಸಿ ನಿಧಾನವಾಗಿ ಹೊರಗೆ ಹೋದರು.

ಒಂದು ತಿಂಗಳು ಹಿಡಿಯಿತು. ಕೊನೆಯ ಹಲಗೆ ಕೂರಿಸಿದ ಮಧ್ಯಾಹ್ನ ಚರ್ಚಿನಲ್ಲಿ ಅವರಿಬ್ಬರೇ ಇದ್ದರು. ಅವಳು ಗ್ಯಾಲರಿಯ ಅಂಚಿನಲ್ಲಿ, ಮೆಟ್ಟಿಲಿನ ತುದಿಯಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದಳು. ಅವನು ಕೆಳಗೆ, ಮೊದಲ ಮೆಟ್ಟಿಲಿನ ಮುಂದೆ ನಿಂತಿದ್ದ. ಹೊಸ ಮರದ ವಾಸನೆ ತುಂಬಿತ್ತು. ಬಣ್ಣದ ಬೆಳಕು ಒಂದೊಂದೇ ಮೆಟ್ಟಿಲನ್ನು ಹತ್ತಿ ಅವಳ ಪಾದದವರೆಗೆ ಬಂದಿತ್ತು. ಎಲ್ಲವೂ ಅರೆನಿದ್ದೆಯಲ್ಲಿ ಕಂಡ ಕನಸಿನಂತೆ ಹಗುರವಾಗಿತ್ತು.

"ಅಳತೆಗಿಂತ ಅಗಲ ಮಾಡಿದ್ದೀರಿ," ಎಂದ ಅವನು. "ನಕ್ಷೆಯಲ್ಲಿ ಇಷ್ಟು ಇರ್ಲಿಲ್ಲ."

"ನಿಮ್ಮ ನಕ್ಷೆಯಲ್ಲಿ ಒಬ್ಬರು ಇಳಿಯೋಷ್ಟೇ ಜಾಗ ಇತ್ತು."

ಅವನು ಹೊಸ ಹಲಗೆಯ ಅಗಲವನ್ನು ಅಂಗೈಯಿಂದ ಅಳೆದ. ಆಮೇಲೆ ಹೇಳಿದ. ಬೆರಳು ತಾಗಿದ ದಿನದಿಂದ ಹೇಳಬೇಕೆಂದಿದ್ದೆ, ಗೋಡೆ ಬರೆದ ಕೈಯಿಂದ ನಿಮ್ಮ ಕೈ ಕೇಳಲು ನಾಚಿಕೆಯಾಗಿತ್ತು, ಎಂದ. ನಿಮ್ಮನ್ನು ಪ್ರೀತಿಸುತ್ತೇನೆ ಎಂದ. ಕನಿಕರ ಅಲ್ಲ ಎಂದ. ಅವಳು ಅದನ್ನು ಎಂದೂ ಅವನಲ್ಲಿ ಬಾಯಿಬಿಟ್ಟು ಕೇಳಿರಲಿಲ್ಲ, ಆದರೂ ಅವನಿಗೆ ಹೇಗೋ ತಿಳಿದಿತ್ತು.

ಅವಳಿಗೆ ನಗು ಬಂತು.

"ಸುಲಭ ಇಲ್ಲ," ಎಂದಳು. "ಹೊರಗೆ ಹೋದ್ರೆ ಜನ ನಮ್ಮಿಬ್ಬರನ್ನ ತಿರುಗಿ ತಿರುಗಿ ನೋಡ್ತಾರೆ. ನಿಮ್ಮವರೂ ನೋಡ್ತಾರೆ, ನಮ್ಮವರೂ ನೋಡ್ತಾರೆ."

"ನೋಡ್ಲಿ."

"ನಿಮಗೆ ಮತ್ತೆ ಭಯ ಆಗುತ್ತೆ."

"ಆಗುತ್ತೆ. ಆದಾಗ ನಿಮಗೆ ಹೇಳ್ತೀನಿ. ಗೋಡೆ ಬರೆಯಲ್ಲ."

ಅವನು ಮೇಲಕ್ಕೆ ಕೈ ಚಾಚಿದ.

"ಮದುವೆ ದಿನ ಈ ಮೆಟ್ಟಿಲು ಇಳಿದು ನನ್ನ ಹತ್ತಿರ ಬರ್ತೀಯಾ?"

"ಇಲ್ಲ," ಎಂದಳು ಅವಳು. "ನೀನು ಹತ್ತಿ ಬಾ. ಒಟ್ಟಿಗೆ ಇಳಿಯೋಣ."